ಪಚ್ಚೆಬಾಲದ ಹಕ್ಕಿಯ ಬೆಲೆ

ಫ್ವೆನ್ಸಾಂತಾ: ಕೊಳೆತಿಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಕೊಳೀಬೇಕಾದ್ರೆ ಮೊದ್ಲು ಮೊಟ್ಟೆ ಅನ್ನೋದೊಂದು ಇರ್ಬೇಕಲ್ಲ!

ಕಸಿಯಾನೊ: ಕೊಳೆತಿಲ್ಲ. ಸರಿ, ಬರ್ಕೊಂಡೆ. ಒಡೆದಿದ್ವಾ?

ಫ್ವೆನ್ಸಾಂತಾ: ಒಡೆದ. ಒಂದು ಬಿಡದಂಗೆ ಎಲ್ಲಾ ಒಡೆದ. ಹೆಬ್ಬೆರಳಲ್ಲಿ.

ಕಸಿಯಾನೊ: ಯಾರು, ಅಂಗಡಿಯವನಾ?

ಫ್ವೆನ್ಸಾಂತಾ: ನನ್ನ ಗಂಡ!

ಕಸಿಯಾನೊ: ಕೊಂಡವರೇ ಒಡೆದುಕೊಂಡಿದ್ರೆ ದೂರು ನಿಲ್ಲೋದಿಲ್ಲ ಅಮ್ಮ.

ಮುರ್ಸಿಯಾ ಬಯಲಿನ ಆ ಊರಿನ ಪುರಸಭೆಯಲ್ಲಿ, ಜನನ ಮರಣದ ಕಿಟಕಿಗೂ ನೀರಿನ ಕಂದಾಯದ ಕಿಟಕಿಗೂ ನಡುವೆ, ಗ್ರಾಹಕರ ದೂರು ಕೇಳುವ ಕಿಟಕಿ ಇದೆ. ಅದರ ಹಿಂದೆ ಕೂರುವ ಕಸಿಯಾನೊ ಕೆಟ್ಟವನಲ್ಲ. ಯಾವ ಸಂಕಟವೇ ಆಗಲಿ, ಅದಕ್ಕೆ ತಕ್ಕ ಬಣ್ಣದ ಅರ್ಜಿ ಸಿಕ್ಕಿದರೆ ಅರ್ಧ ವಾಸಿಯಾದ ಹಾಗೆ ಎಂದು ನಂಬಿದವನು, ಅಷ್ಟೆ. ಈಗ ಅವನ ಮುಂದೆ ತಿನ್ನುವ ಪದಾರ್ಥಗಳ ಹಳದಿ ಅರ್ಜಿ ಮುಕ್ಕಾಲು ತುಂಬಿತ್ತು. ಫ್ವೆನ್ಸಾಂತಾ ಅದನ್ನು ತಲೆಕೆಳಗಾಗಿ ಓದಿ, ತನ್ನ ಗಂಡನ ಹೆಸರಿನ ಎದುರು ‘ಕೋಳಿಮೊಟ್ಟೆ, ದೊಡ್ಡ ಗಾತ್ರ’ ಎಂದು ಬರೆದಿರುವುದನ್ನು ಕಂಡು ಕಣ್ಣು ಮುಚ್ಚಿಕೊಂಡಳು.

ಹಿಂದಿನ ಬೆಂಚಿನ ಮೇಲೆ ಆ ಗಂಡ ಕೂತಿದ್ದ. ಹಿನೇಸ್, ಎಪ್ಪತ್ತೊಂದು ವರ್ಷ. ತಲೆಯ ಮೇಲೆ ಟೋಪಿ. ಕಣ್ಣು ಬಿಡದ ಮರಿಯನ್ನು ಹಿಡಿಯುವ ಹಾಗೆ ಎರಡು ಅಂಗೈಗಳ ನಡುವೆ ಫೋನು ಹಿಡಿದಿದ್ದ. ಅಷ್ಟರಲ್ಲಿ ಎಲ್ಲಿಂದಲೋ ‘ಗುಟುರ್ ಗುಟುರ್’ ಎಂದು ಸದ್ದಾಯಿತು. ಕಸಿಯಾನೊ ಬಗ್ಗಿ ಮೇಜಿನ ಕೆಳಗೆ ನೋಡಿದ.

ಕಸಿಯಾನೊ: ಕಚೇರಿ ಒಳಗೆ ಪ್ರಾಣಿ ಪಕ್ಷಿ ತರಬಾರದು ಅಂತ ಬಾಗಿಲಲ್ಲೇ ಬರೆದಿದೆ.

ಫ್ವೆನ್ಸಾಂತಾ: ಅದೇ ಮಗಾ ಆ ಮೊಟ್ಟೆ! ಫೋನೊಳಗಿನ ಮೊಟ್ಟೆ. ಪಾರಿವಾಳದ ಆಟ. ದುಡ್ಡು ಕೊಟ್ಟು ಮೊಟ್ಟೆ ತಗೊಳ್ಳೋದು, ಬೆರಳಲ್ಲಿ ಒತ್ತಿ ಒಡೆಯೋದು, ಒಳಗಿಂದ ಯಾವ ಹಕ್ಕಿ ಬರ್ತದೋ ಅದು ನಿನ್ನ ಹಣೇಬರ. ನೂರಕ್ಕೆ ತೊಂಬತ್ತು ಸಲ ಬೂದಿಬಣ್ಣದ್ದೇ ಬರ್ತದೆ.

ಹಿನೇಸ್: (ತಲೆ ಎತ್ತದೆ) ಬೂದಿಬಣ್ಣ ಅಲ್ಲ. ಮೋಡಬಣ್ಣ.

ಫ್ವೆನ್ಸಾಂತಾ: ನೋಡ್ದಾ?

ಕಸಿಯಾನೊ ಹಳದಿ ಅರ್ಜಿಯನ್ನು ನಿಧಾನವಾಗಿ ಮಡಚಿದ. ಕೆಲಸ ಹಾಳಾಯಿತಲ್ಲ ಎಂದು ಅವನ ಮುಖ ಸಣ್ಣದಾಯಿತು.

ಕಸಿಯಾನೊ: ಹಾಗಾದ್ರೆ ಇದು ತಿನ್ನೋ ಪದಾರ್ಥ ಅಲ್ಲ.

ಫ್ವೆನ್ಸಾಂತಾ: ತಿನ್ನೋದು ಅದು, ನಾವಲ್ಲ. ನಂಗೆ ಜೂಜಿನ ಅರ್ಜಿ ಕೊಡು. ಆ ಪಟ್ಟಿಗೆ ಹೆಸರು ಸೇರಿಸಿದ್ರೆ ಬಿಂಗೊ ಮನೆಯೊಳಗೂ ಬಿಡಲ್ಲ, ಪಂದ್ಯ ಕಟ್ಟೋ ಅಂಗಡಿಯೊಳಗೂ ಬಿಡಲ್ಲ ಅಂತಾರಲ್ಲ, ಅದು. ಆಟದ ಮನೆಯವ್ರಿಗೂ ಕಾಗದ ಹೋಗಲಿ, ಈ ಮನುಷ್ಯಂಗೆ ಇನ್ನೊಂದು ಮೊಟ್ಟೆ ಮಾರಬ್ಯಾಡಿ ಅಂತ.

ಕಸಿಯಾನೊ: ಕೆಂಪು ಅರ್ಜಿ. ಅದನ್ನ ಹೆಂಡತಿ ಕೊಡೋ ಹಾಗಿಲ್ಲ. ಆಡೋರೇ ಬಂದು ಸಹಿ ಹಾಕಬೇಕು.

ಫ್ವೆನ್ಸಾಂತಾ: ಅದಕ್ಕೇ ಕರ್ಕೊಂಡು ಬಂದಿರೋದು. ವಿಮೆ ಕಾಗದಕ್ಕೆ ಸಹಿ ಹಾಕೋದೈತೆ ಅಂತ ಹೇಳಿ.

ಹಿನೇಸ್: ವಿಮೆ ಅಲ್ವಾ?

ಫ್ವೆನ್ಸಾಂತಾ: ಒಂಥರಾ ವಿಮೆನೇ.

ಕಸಿಯಾನೊ: ಆದ್ರೆ ಅಮ್ಮ, ಇದು ಜೂಜು ಅಲ್ಲ.

ಫ್ವೆನ್ಸಾಂತಾ ಕೈಚೀಲವನ್ನು ಮೇಜಿನ ಮೇಲೆ ಇಟ್ಟಳು. ಆ ಊರಿನ ಹೆಂಗಸರು ಕೈಚೀಲವನ್ನು ಕೆಳಗಿಟ್ಟರೆ ಮಾತು ಬೇಗ ಮುಗಿಯುವುದಿಲ್ಲ.

ಫ್ವೆನ್ಸಾಂತಾ: ಅಲ್ವಾ?

ಕಸಿಯಾನೊ: ಕಾನೂನಿನ ಪ್ರಕಾರ ಜೂಜಿಗೆ ಮೂರು ಕಾಲು. ಹಣ ಕಟ್ಟಬೇಕು. ಬರೋದು ಅದೃಷ್ಟದ ಮೇಲಿರಬೇಕು. ಬಂದ ಬಹುಮಾನಕ್ಕೆ ಬೆಲೆ ಇರಬೇಕು. ಇಲ್ಲಿ ಹಣ ಇದೆ, ಅದೃಷ್ಟ ಇದೆ. ಆದ್ರೆ ಬಂದ ಹಕ್ಕಿನ ಯಾರಿಗೂ ಮಾರೋದಕ್ಕೆ ಆಗಲ್ಲ. ಬೆಲೆ ಇಲ್ಲ. ಎರಡೇ ಕಾಲು.

ಫ್ವೆನ್ಸಾಂತಾ: ಎರಡು ಕಾಲು ಸಾಕಲ್ಲ?

ಕಸಿಯಾನೊ: ಎರಡು ಕಾಲಿನ ಸ್ಟೂಲು ನಿಲ್ಲಲ್ಲ.

ಫ್ವೆನ್ಸಾಂತಾ: ನನ್ನ ಗಂಡಂಗೂ ಎರಡೇ ಕಾಲು.

ಕಸಿಯಾನೊ: ಅವರೂ ಕೂತಿದ್ದಾರಲ್ಲ ಅಮ್ಮ.

ಫ್ವೆನ್ಸಾಂತಾ: ಇರು, ಸರಿಯಾಗಿ ತಿಳ್ಕೊಳ್ಳಾಣ. ಇವನಿಗೆ ಯಾವತ್ತಾದ್ರೂ ಒಂದು ಕಾಸು ಬಂದ್ರೆ ಅದು ಜೂಜು?

ಕಸಿಯಾನೊ: ಹೌದು.

ಫ್ವೆನ್ಸಾಂತಾ: ಬರೀ ಹೋಗ್ತಾನೇ ಇದ್ರೆ?

ಕಸಿಯಾನೊ: ಮನರಂಜನೆ.

ಫ್ವೆನ್ಸಾಂತಾ: ಬಿಂಗೊ ಮನೇಲಿ ವರ್ಷಕ್ಕೊಂದು ಸಲ ಒಂದು ಹಂದಿತೊಡೆ ಗೆಲ್ತಾನೆ. ಅದು ಅಪಾಯ?

ಕಸಿಯಾನೊ: ಅದು ಅಪಾಯ. ಅದರಿಂದ ಅವರನ್ನ ನಾವು ಕಾಪಾಡಬಹುದು. ಬೇಕಾದ್ರೆ ಈಗಲೇ.

ಫ್ವೆನ್ಸಾಂತಾ: ಬ್ಯಾಡ. ಅದೊಂದೇ ಮನೆಗೆ ಬರೋದು.

ಹಿನೇಸ್ ಬೆಂಚಿನಿಂದ ಎದ್ದು ಬಂದ. ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಅವನ ಹೆಜ್ಜೆ ಇನ್ನೂ ಒಂದು ಪಕ್ಕಕ್ಕೆ ವಾಲುತ್ತಿತ್ತು. ಫೋನನ್ನು ಎದೆಗೆ ಒತ್ತಿಕೊಂಡಿದ್ದ.

ಹಿನೇಸ್: ನಾನು ಮೊದ್ಲಿಂದ ಹೇಳ್ತಾನೇ ಇವ್ನಿ. ಇದು ಜೂಜಲ್ಲ, ಸಾಕಣೆ. ಕೇಳೇ, ಸರ್ಕಾರನೂ ಅದೇ ಹೇಳ್ತೈತೆ.

ಫ್ವೆನ್ಸಾಂತಾ: ಸಾಕಣೆಯಂತೆ! ಕಾಳು ಹಾಕಿದ್ಯಾ? ಹಿಕ್ಕೆ ಬಳ್ದಿದ್ಯಾ?

ಹಿನೇಸ್: ಹಿಕ್ಕೆ ಹಾಕಲ್ಲ. ಅದೇ ಇದರ ಗುಣ. ನಲವತ್ತು ವರ್ಷದಿಂದ ಮಾಳಿಗೆ ಮೇಲೆ ಹಿಕ್ಕೆ ಹಿಕ್ಕೆ ಅಂತ ಬಾಯಿ ಬಡ್ಕೊಂಡವಳು ನೀನು. ಈಗ ಹಿಕ್ಕೆ ಹಾಕದ ಹಕ್ಕಿ ತಂದ್ರೂ ತಪ್ಪಾ?

ಫ್ವೆನ್ಸಾಂತಾ: ಏಣಿ ಹತ್ತಬ್ಯಾಡ ಅಂತ ಡಾಕ್ಟರು ಹೇಳಿದ್ದು ಮೂರು ತಿಂಗ್ಳು. ಇದು ಏಳನೇ ತಿಂಗ್ಳು, ಅವತ್ತಿಂದ ಬರೀ ಈ ಆಟನೇ. ಮೇಲೆ ಗೂಡಲ್ಲಿ ನಿನ್ನ ಹಕ್ಕಿಗೆ ನೀರು ಇಡೋಳು ಯಾರು? ರೆಕ್ಕೆ ಬಣ್ಣ ಅಳಿಸಿ ಹೋಗೈತೆ, ಕಂಡಿದ್ಯಾ? (ಕಸಿಯಾನೊ ಕಡೆ ತಿರುಗಿ) ಇವತ್ತು ಮೂರು ಗಂಟೆಗೆ ಇವನ ಗೆಳೆಯ ಇಸಿದೋರೊ ಪಂಜರ ಹಿಡ್ಕೊಂಡು ಬರ್ತಾನೆ. ಸಕ್ರಿಸ್ತಾನ್‌ನ ಇವನು ಮಾರಿಬಿಟ್ಟವ್ನೆ. ಮೊಟ್ಟೆ ತಗೊಳ್ಳಾಕೆ!

ಕಸಿಯಾನೊ ಪೆನ್ನು ಕೆಳಗಿಟ್ಟ. ಆ ಸೀಮೆಯಲ್ಲಿ ಸಕ್ರಿಸ್ತಾನ್ ಎಂದರೆ ಚರ್ಚಿನ ಗಂಟೆ ಹೊಡೆದು, ದೀಪ ಹಚ್ಚಿ, ಬಾಗಿಲು ಹಾಕುವವನು.

ಕಸಿಯಾನೊ: ಅಮ್ಮ, ಮನುಷ್ಯರ ಮಾರಾಟ ಈ ಕಿಟಕಿಗೆ ಬರಲ್ಲ. ಪೊಲೀಸು ಠಾಣೆ ಎದುರುಗಡೆ.

ಫ್ವೆನ್ಸಾಂತಾ: ಪಾರಿವಾಳ ಕಣೋ! ನಿಜವಾದ್ದು. ಉಸಿರಾಡೋದು.

ಹಿನೇಸ್: ಗಂಟೆಗೋಪುರ ಸುತ್ತದೆ ಮನೆಗೆ ಬರಲ್ಲ, ಅದಕ್ಕೆ ಆ ಹೆಸ್ರು.

ಆ ಊರಿನ ಗಂಡಸರಿಗೆ ಪಾರಿವಾಳವೆಂದರೆ ಏನೆಂದು ಕಸಿಯಾನೊಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಲಕ್ಕೆ ಬಿಳಿ ಗರಿ ಕಟ್ಟಿದ ಒಂದು ಹೆಣ್ಣನ್ನು ಹಾರಿಬಿಟ್ಟು, ಅದರ ಹಿಂದೆ ರೆಕ್ಕೆಗೆ ಬಣ್ಣ ಬಳಿದ ಎಂಬತ್ತು ಗಂಡುಗಳನ್ನು ಬಿಡುತ್ತಾರೆ. ಸಂಜೆಯವರೆಗೂ ಅವಳ ಪಕ್ಕ ಬಿಡದೆ ಇದ್ದವನು ಗೆದ್ದ. ಹಿನೇಸ್‌ನ ಸಕ್ರಿಸ್ತಾನ್ ನಾಲ್ಕು ವರ್ಷ ಹಾಗೆ ಗೆದ್ದಿತ್ತು. ಆ ನಾಲ್ಕು ವರ್ಷವೂ ಫ್ವೆನ್ಸಾಂತಾ ಬಟ್ಟೆ ಒಣಗಿಸಲು ಜಾಗವಿಲ್ಲವೆಂದು ಅದನ್ನು ಬೈದಿದ್ದಳು. ಈಗ ದಿನಾ ಬೆಳಿಗ್ಗೆ ಅವಳೇ ಏಣಿ ಹತ್ತಿ ಅದಕ್ಕೆ ಜೋಳ ಹಾಕುತ್ತಿದ್ದಳು. ಅದು ಕುತ್ತಿಗೆ ಓರೆ ಮಾಡಿ ಅವಳ ಬೆನ್ನ ಹಿಂದಿನ ಏಣಿಯನ್ನೇ ನೋಡುತ್ತಿತ್ತು. ಈ ವಿಷಯವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಕಿಟಕಿಯವನಿಗೂ ಹೇಳಲಿಲ್ಲ.

ಕಸಿಯಾನೊ: ಯಜಮಾನರೇ, ಮೊಟ್ಟೆ ಕೊಳ್ಳೋ ಮುಂಚೆ ಯಾವ ಹಕ್ಕಿ ಬರೋ ಸಾಧ್ಯತೆ ಎಷ್ಟು ಅಂತ ತೋರಿಸಿದ್ರಾ? ತೋರಿಸದಿದ್ರೆ ಒಂದು ದೂರು ಕೊಡಬಹುದು.

ಹಿನೇಸ್: ತೋರ್ಸವ್ರೆ. ನ್ಯಾಯವಾದ ಜನ. ಎಲ್ಲರಿಗೂ ಬೇಕಾದ ಪಚ್ಚೆಬಾಲದ ಹಕ್ಕಿ ಎದುರಿಗೇ ಬರ್ದವ್ರೆ, ಅರ್ಧ ಅಂತ. ಎರಡು ಮೊಟ್ಟೆ ತಗೊಂಡ್ರೆ ಒಂದು ಬರ್ಲೇಬೇಕು.

ಕಸಿಯಾನೊ: ಬಂತಾ?

ಹಿನೇಸ್: ನೂರ ತೊಂಬತ್ತನೇದ್ರಲ್ಲಿ ಬಂತು. ನಡುವೆ ಸ್ವಲ್ಪ ದುರದೃಷ್ಟ.

ಕಸಿಯಾನೊ ಫೋನು ಇಸಿದುಕೊಂಡು, ಕನ್ನಡಕ ಏರಿಸಿ, ಪರದೆಯ ಮೂಲೆಯ ಇರುವೆಯಂಥ ಅಕ್ಷರಗಳನ್ನು ಓದಿದ.

ಕಸಿಯಾನೊ: ಇದು ಶೇಕಡಾ ಅರ್ಧ.

ಹಿನೇಸ್: ಅದೇ. ಅರ್ಧ.

ಕಸಿಯಾನೊ: ಅರ್ಧ ಅಲ್ಲ, ಶೇಕಡಾ ಅರ್ಧ.

ಹಿನೇಸ್: ನೂರರಲ್ಲಿ ಅರ್ಧ ಐವತ್ತು. ನಾನು ಶಾಲೆಗೆ ಹೋಗಿರೋನೇ.

ಕಸಿಯಾನೊ: ನೂರು ಮೊಟ್ಟೆಗೆ ಅರ್ಧ ಹಕ್ಕಿ. ಇನ್ನೂರು ಮೊಟ್ಟೆಗೆ ಒಂದು.

ಜನನ ಮರಣದ ಕಿಟಕಿಯಲ್ಲಿ ಯಾರದೋ ಕಾಗದಕ್ಕೆ ಠಸ್ಸೆ ಬಿತ್ತು. ಈಗಾದರೂ ಬುದ್ಧಿ ಬಂದೀತು ಎಂದು ಫ್ವೆನ್ಸಾಂತಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಹಿನೇಸ್ ಬೆರಳಲ್ಲೇ ಏನನ್ನೋ ಎಣಿಸಿದ. ಆಮೇಲೆ ಅವನ ಮುಖ ಅರಳಿತು.

ಹಿನೇಸ್: ಹಂಗಾದ್ರೆ ಇನ್ನೂರಕ್ಕೆ ಬರ್ಬೇಕಾದ್ದು ನಂಗೆ ನೂರ ತೊಂಬತ್ತಕ್ಕೇ ಬಂತು!

ಫ್ವೆನ್ಸಾಂತಾ: ದೇವರೇ.

ಹಿನೇಸ್: ಹತ್ತು ಮೊಟ್ಟೆ ಉಳೀತು ಕಣೇ.

ಫ್ವೆನ್ಸಾಂತಾ: ಉಳಿದಿದ್ದನ್ನ ಕೊಡು, ಸಂಜೆ ಬದ್ನೇಕಾಯಿ ಜೊತೆ ಹುರೀತೀನಿ! ಕಸಿಯಾನೊ, ನಿನ್ನ ನಾಮಕರಣದ ದಿನ ನಿನ್ನನ್ನ ಎತ್ಕೊಂಡಿದ್ದೋಳು ನಾನು. ಏನಾದ್ರೂ ದಾರಿ ಹುಡುಕು.

ಕಸಿಯಾನೊ ಖಾನೆಯಿಂದ ಒಂದು ಸುತ್ತೋಲೆ ತೆಗೆದು ಎರಡು ಸಲ ಓದಿದ.

ಕಸಿಯಾನೊ: ಒಂದೇ ದಾರಿ ಇದೆ. ಆಟದೊಳಗಿನ ವಸ್ತುವಿಗೆ ಹೊರಗೆ ಯಾರಾದ್ರೂ ಹಣ ಕೊಡೋದಕ್ಕೆ ತಯಾರಿದ್ದಾರೆ ಅಂತ ತೋರಿಸಿದ್ರೆ, ಮೂರನೇ ಕಾಲು ಬಂದ ಹಾಗೆ. ಆಗ ಕೆಂಪು ಅರ್ಜಿ ತಗೋಬಹುದು. ಆಟದವರು ಇವರ ಖಾತೆ ಮುಚ್ಚಬೇಕು. ಆದ್ರೆ ಅದಾಗಲ್ಲ ಬಿಡಿ. ಇಂಥ ಹಕ್ಕಿಗೆ ಏನು ಬೆಲೆ.

ಹಿನೇಸ್: ಏನಂದೆ?

ಕಸಿಯಾನೊ: ಬೆಲೆಯಿಲ್ಲದ್ದು ಅಂತ. ನಿಮಗೇ ಒಳ್ಳೇದಲ್ವಾ, ಜೂಜಲ್ಲ ಅಂತ ನೀವೇ ಹೇಳ್ತಿದ್ರಿ.

ಹಿನೇಸ್: ಜೂಜಿನ ಮಾತು ಬಿಡು. ಹಕ್ಕಿಗೆ ಏನಂದೆ?

ಕಸಿಯಾನೊ: ಬೆಲೆ ಇಲ್ಲ.

ಹಿನೇಸ್: ನನ್ನ ಹಕ್ಕಿಗೆ?

ಫ್ವೆನ್ಸಾಂತಾಗೆ ತಟ್ಟನೆ ಏನೋ ಹೊಳೆಯಿತು. ನಲವತ್ತಾರು ವರ್ಷ ಒಬ್ಬ ಗಂಡಸಿನ ಜೊತೆ ಬಾಳಿದ ಹೆಂಗಸಿಗೆ ಅವನ ಗಾಯ ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತು. ಅವಳು ಕೈಚೀಲವನ್ನು ಹೆಗಲಿಗೆ ಹಾಕಿಕೊಂಡಳು.

ಫ್ವೆನ್ಸಾಂತಾ: ನಡಿ, ಹೋಗಾಣ. ಕಚೇರಿಯವನೇ ಹೇಳಿದ್ಮೇಲೆ ಮುಗೀತು. ಮೂರು ಕಾಸಿಗೂ ಬಾಳಲ್ಲ.

ಹಿನೇಸ್: ಯಾವ ನನ್ಮಗ ಹೇಳಿದ್ದು?

ಫ್ವೆನ್ಸಾಂತಾ: ಸರ್ಕಾರ.

ಹಿನೇಸ್: ಸರ್ಕಾರಕ್ಕೆ ಪಾರಿವಾಳದ ಬಗ್ಗೆ ಏನು ಗೊತ್ತು! ಈ ಬಾಲ ನೋಡು ಮಗಾ. ಈ ಎದೆ ನೋಡು. ಇಡೀ ಸೀಮೇಲಿ ಇಂಥದ್ದು ಎರಡಿಲ್ಲ. ಬೆಲೆ ಇಲ್ವಂತೆ! ಇರು, ಇಸಿದೋರೊಗೇ ಕೇಳ್ತೀನಿ. ಅವನೂ ಇದೇ ಆಟ ಆಡ್ತಾನೆ. ನೀನು ಬರ್ಕೋ.

ಫೋನಿನ ಸದ್ದನ್ನು ಜೋರು ಮಾಡಿ ಮೇಜಿನ ಮೇಲಿಟ್ಟ. ನೀರಿನ ಕಂದಾಯದ ಕಿಟಕಿಯಲ್ಲಿದ್ದ ಇಬ್ಬರೂ ಮಾತು ನಿಲ್ಲಿಸಿದರು.

ಇಸಿದೋರೊ: ಏನ್ ಹಿನೇಸ್? ಮೂರಕ್ಕೆ ಬರ್ತೀನಿ ಅಂದೆನಲ್ಲ, ಪಂಜರ ತೊಳೀತಾ ಇವ್ನಿ.

ಹಿನೇಸ್: ಪಂಜರ ಇರ್ಲಿ. ಪಚ್ಚೆಬಾಲ ಬಂದೈತೆ ನಂಗೆ. ಎಷ್ಟು ಕೊಡ್ತೀಯ?

ಆ ಕಡೆ ಬಕೆಟ್ಟು ಉರುಳಿದ ಸದ್ದಾಯಿತು.

ಇಸಿದೋರೊ: ಸುಳ್ಳು.

ಹಿನೇಸ್: ಅಮ್ಮನಾಣೆ.

ಇಸಿದೋರೊ: ಖಾತೆ ಸಮೇತ ಕೊಡ್ತೀಯಾ? ಇನ್ನೂರೈವತ್ತು ಯೂರೋ. ಈಗ್ಲೇ. ಬ್ಯಾರೆ ಯಾರಿಗೂ ಹೇಳ್ಬ್ಯಾಡ.

ಹಿನೇಸ್ ಗೆದ್ದವನ ಹಾಗೆ ಕಸಿಯಾನೊ ಕಡೆ ನೋಡಿದ. ಕಸಿಯಾನೊ ‘250’ ಎಂದು ಬರೆದು ಕೆಳಗೆ ಗೆರೆ ಎಳೆದ. ಆದರೆ ಹಿನೇಸ್‌ನ ಗೆಲುವು ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹುಬ್ಬು ಕೂಡಿಕೊಂಡವು.

ಹಿನೇಸ್: ಇಸಿದೋರೊ, ಸಕ್ರಿಸ್ತಾನ್‌ಗೆ ಎಷ್ಟು ಅಂದಿದ್ದೆ?

ಇಸಿದೋರೊ: ನೂರ ಎಂಬತ್ತು. ಅದೂ ಸ್ನೇಹಕ್ಕೆ.

ಹಿನೇಸ್: ನೂರ ಎಂಬತ್ತು.

ಇಸಿದೋರೊ: ಯಾಕೆ?

ಹಿನೇಸ್: ಈ ಗಾಜಿನೊಳಗಿನ ಹಕ್ಕಿಗೆ ಇನ್ನೂರೈವತ್ತು. ನಾಲ್ಕು ವರ್ಷ ಇಡೀ ಬಯಲಿನ ಗಂಡುಗಳನ್ನ ಓಡಿಸಿದ ಹಕ್ಕಿಗೆ ನೂರ ಎಂಬತ್ತು. ಅದು ಉಸಿರಾಡ್ತೈತೆ ಕಣ್ಲಾ.

ಇಸಿದೋರೊ: ಅದೇ ತೊಂದ್ರೆ. ಉಸಿರಾಡೋದು ತಿಂತೈತೆ, ಮುದಿಯಾಗ್ತೈತೆ. ಆರನೇ ವರ್ಷ ಅದಕ್ಕೆ. ರೆಕ್ಕೆ ಜೋತು ಬಿದ್ದಿಲ್ವಾ?

ಹಿನೇಸ್: ನಿನ್ನ ಮೀಸೆ ಜೋತು ಬಿದ್ದೈತೆ! ಎತ್ತಿ ಹಿಡಿಯೋರು ಇಲ್ದೆ ಬಿದ್ದಿರೋ ರೆಕ್ಕೆ ಅದು. ಬಣ್ಣ ಬಳ್ದು ಹದಿನೈದು ದಿನ ಹಾರಿಸಿದ್ರೆ ನಿನ್ನ ಗೂಡಿನ ಹೆಣ್ಣೆಲ್ಲಾ ನಮ್ಮ ಮಾಳಿಗೆ ಮ್ಯಾಲೆ ಬಂದು ಕೂರ್ತವೆ. ಪಂಜರ ತರಬ್ಯಾಡ. ತಂದ್ರೆ ನಿನ್ನನ್ನೇ ಅದ್ರಲ್ಲಿ ಕೂರಿಸಿ ಕಳಿಸ್ತೀನಿ.

ಫೋನು ಇಟ್ಟ. ಇಟ್ಟ ಮೇಲೂ ಒಂದಷ್ಟು ಹೊತ್ತು ಬೈಯುತ್ತಲೇ ಇದ್ದ. ಫ್ವೆನ್ಸಾಂತಾ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು.

ಕಸಿಯಾನೊ: ಹಾಗಾದ್ರೆ ಕೊಳ್ಳೋರು ಇದ್ದಾರೆ, ಬೆಲೆ ಇದೆ. ಮೂರು ಕಾಲಾಯ್ತು. ಯಜಮಾನರೇ, ಈಗ ಕಾನೂನಿನ ಪ್ರಕಾರ ನೀವು ಏಳು ತಿಂಗಳಿಂದ ಜೂಜಾಡ್ತಿದ್ದೀರಿ.

ಹಿನೇಸ್: ನಾನಾ?

ಕಸಿಯಾನೊ: ನಾನು ಬಲವಂತ ಮಾಡೋ ಹಾಗಿಲ್ಲ. ಹಕ್ಕಿಗೆ ಬೆಲೆ ಇದೆ ಅಂತ ನೀವು ಬರೆದುಕೊಟ್ರೆ ಕೆಂಪು ಅರ್ಜಿ. ಖಾತೆ ಮುಚ್ಚುತ್ತೆ, ಪಚ್ಚೆಬಾಲ ಒಳಗೇ ಉಳಿಯುತ್ತೆ, ಇನ್ನೊಂದು ಮೊಟ್ಟೆ ಸಿಗಲ್ಲ. ಬೆಲೆ ಇಲ್ಲ ಅಂತ ಬರೆದುಕೊಟ್ರೆ ಈಗಲೇ ಮನೆಗೆ ಹೋಗಿ ಎಷ್ಟು ಬೇಕೋ ಅಷ್ಟು ಒಡೀಬಹುದು.

ಆ ಫೋನಿಗೆ ಕಿವಿ ಇದ್ದಿರಬೇಕು. ‘ಗುಟುರ್’ ಎಂದಿತು. ಪರದೆಯ ಮೇಲೆ ಬುಟ್ಟಿ ತುಂಬ ಮೊಟ್ಟೆ ಮೂಡಿ, ಇವತ್ತು ಮಾತ್ರ ಅರ್ಧ ಬೆಲೆ ಎಂದು ಮಿನುಗಿತು. ಹಿನೇಸ್‌ನ ಹೆಬ್ಬೆರಳು ತಾನಾಗಿಯೇ ಎದ್ದಿತು. ಅದು ಎದ್ದಿದ್ದನ್ನು ಫ್ವೆನ್ಸಾಂತಾ ಕಂಡಳು. ಅವಳು ಕಂಡಳೆಂಬುದನ್ನು ಅವನೂ ಕಂಡ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ.

ಹಿನೇಸ್: ಇನ್ನೂರೈವತ್ತು ಅಂತ ಇಡೀ ಕಚೇರಿ ಕೇಳಿಸ್ಕೊಂಡೈತೆ.

ಕಸಿಯಾನೊ: ಕೇಳಿಸ್ಕೊಂಡಿದೆ.

ಹಿನೇಸ್: ಈಗ ಬೆಲೆ ಇಲ್ಲ ಅಂತ ಸಹಿ ಹಾಕಿದ್ರೆ, ಸಂಜೆ ಪಾರಿವಾಳದ ಸಂಘದಲ್ಲಿ ಯಾವ ಮುಖ ತೋರಿಸ್ಲಿ? ಬರಿ. ಜೂಜುಕೋರ ಅಂತಲೇ ಬರಿ. ನನ್ನ ಹಕ್ಕಿಗೆ ಬೆಲೆ ಇಲ್ಲ ಅಂತ ಮಾತ್ರ ಯಾವ ಕಾಗದದ ಮ್ಯಾಲೂ ಬರೀಬ್ಯಾಡ.

ಕೆಂಪು ಅರ್ಜಿ ಹೊರಗೆ ಬಂತು. ಕಸಿಯಾನೊ ಹುರುಪಿನಿಂದ ಹೆಸರು, ಊರು, ಹುಟ್ಟಿದ ದಿನ ತುಂಬಿದ. ಆಮೇಲೆ ಪೆನ್ನು ನಿಂತಿತು.

ಕಸಿಯಾನೊ: ವರ್ಗ ಅಂತಿದೆ. ಅಪ್ರಾಪ್ತ, ದುರ್ಬಲ, ಇತರೆ. ದುರ್ಬಲ ಅಂತ ಗುರುತು ಹಾಕ್ಲಾ?

ಹಿನೇಸ್: ಯಾರು ದುರ್ಬಲ?

ಕಸಿಯಾನೊ: ಮೈಯ ಬಲ ಅಲ್ಲ, ಯಜಮಾನರೇ.

ಹಿನೇಸ್: ಕೈ ಕೊಡು ಇಲ್ಲಿ. ಮೊಣಕೈ ಊರು. ಊರು ಅಂದೆ! ಒಂದೊಂದು ಕೈಲಿ ಒಂದೊಂದು ಮೂಟೆ ನಿಂಬೆಹಣ್ಣು ಎತ್ತಿದೋನು ನಾನು.

ಫ್ವೆನ್ಸಾಂತಾ: ಬಿಡೋ, ಮುರೀಬ್ಯಾಡ, ಅವನು ಇನ್ನೂ ಠಸ್ಸೆ ಹೊಡೀಬೇಕು!

ಕಸಿಯಾನೊ: (ಮಣಿಕಟ್ಟು ಉಜ್ಜಿಕೊಳ್ಳುತ್ತಾ) ಇತರೆ ಅಂತ ಹಾಕ್ತೀನಿ. ಇತರೆ ಅಂದ್ರೆ ಏನು ಅಂತ ವಿವರಿಸಬೇಕು.

ಹಿನೇಸ್: ಪಾರಿವಾಳ ಸಾಕೋನು ಅಂತ ಬರಿ.

ಸಹಿ ಬಿತ್ತು, ಠಸ್ಸೆ ಬಿತ್ತು. ಹಿನೇಸ್ ತನ್ನ ಪ್ರತಿಯನ್ನು ಮಡಚಿ, ಟೋಪಿಯೊಳಗೆ ಇಟ್ಟುಕೊಂಡು, ಒಂದು ಪಕ್ಕಕ್ಕೆ ವಾಲುತ್ತಾ ಬಾಗಿಲ ಕಡೆ ನಡೆದ. ಬಣ್ಣದ ಅಂಗಡಿ ಒಂದು ಗಂಟೆಗೆ ಮುಚ್ಚುತ್ತದೆ, ಬೇಗ ಬಾ ಎಂದು ಅಲ್ಲಿಂದಲೇ ಹೆಂಡತಿಗೆ ಕೂಗಿದ. ಅವಳು ಕಿಟಕಿಯ ಮುಂದೆಯೇ ನಿಂತಿದ್ದಳು.

ಫ್ವೆನ್ಸಾಂತಾ: ಮಗಾ, ಇನ್ನೊಂದು ಕೆಂಪು ಅರ್ಜಿ ತೆಗೆದಿಡು.

ಕಸಿಯಾನೊ: ಯಾರಿಗೆ?

ಫ್ವೆನ್ಸಾಂತಾ: ಇಸಿದೋರೊಗೆ. ಪಾಪ, ಅವನ ಹೆಂಡ್ತೀನೂ ಮನುಷ್ಯಳೇ.

ಕಸಿಯಾನೊ: ಹೇಳಿದೆನಲ್ಲ ಅಮ್ಮ, ಅವರೇ ಬಂದು ಸಹಿ ಹಾಕಬೇಕು. ತಾನಾಗಿ ಯಾರು ಬರ್ತಾರೆ?

ಫ್ವೆನ್ಸಾಂತಾ: ಬರ್ತಾನೆ. ಅವನ ಫೋನೊಳಗಿನ ಹಕ್ಕಿಗಳು ಮೂರು ಕಾಸಿಗೂ ಬಾಳಲ್ಲ ಅಂತ ಪುರಸಭೆಯ ಕಸಿಯಾನೊ ಹೇಳ್ದ ಅಂತ ರೊಟ್ಟಿ ಅಂಗಡೀಲಿ ಒಂದು ಮಾತು ಹಾಕಿ ಹೋಗ್ತೀನಿ. ಕಚೇರಿ ಮುಚ್ಚೋದ್ರೊಳಗೆ ಬರ್ತಾನೆ. ನೀನು ಮಾತ್ರ ಮೊಣಕೈ ಒಳಗಿಟ್ಕೊಂಡು ಕೂತ್ಕೋ.